ಗೀರು ಬಿದ್ದ ಡಿಸ್ಕಿನ ಸೊಗಸು

ಪ್ಲೇಸ್ಟೇಷನ್ 2ರ ಡಿಸ್ಕುಗಳಿಗೆ ಎರಡು ಮೈಬಣ್ಣ. ಡೀವಿಡಿಯಲ್ಲಿ ಬಂದ ಆಟಗಳ ತಳ ಬೆಳ್ಳಿ, ಸೀಡಿಯಲ್ಲಿ ಬಂದವುಗಳ ತಳ ನೀಲಿ. ಆ ನೀಲಿಯನ್ನು ಒಮ್ಮೆ ಎಳೆಬಿಸಿಲಿಗೆ ಹಿಡಿದು ನೋಡಬೇಕು. ಡಿಸ್ಕನ್ನು ಕೊಂಚ ಓರೆ ಮಾಡಿದರೆ ಸಾಕು, ನೀಲಿಯ ಮೇಲೆ ಹಸಿರು ನೇರಳೆ ಪಟ್ಟೆಗಳು ನಡುವಿನಿಂದ ಅಂಚಿನವರೆಗೂ ಹರಿದಾಡುತ್ತವೆ. ಅದಕ್ಕೂ ಮುಂಚಿನ ಮೊದಲ ಪ್ಲೇಸ್ಟೇಷನ್ನಿನ ಡಿಸ್ಕುಗಳದ್ದು ಇನ್ನೊಂದು ಬಗೆಯ ಚೆಲುವು: ಅವು ಕಪ್ಪು. ಕಣ್ಣಿಗಷ್ಟೇ ಕಪ್ಪು, ಯಂತ್ರದೊಳಗಿನ ಅವಕೆಂಪು ಲೇಸರಿಗೆ ಆ ಬಣ್ಣ ಅಡ್ಡಿಯೇ ಅಲ್ಲ. ನಕಲು ತಡೆಯಲೆಂದೇ ಕಪ್ಪು ಮಾಡಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು. ನಿಜವಾದ ಬೀಗ ಇದ್ದದ್ದು ಬೇರೆ ಕಡೆ. ಡಿಸ್ಕಿನ ಆರಂಭದ ಸುತ್ತುಗಳಲ್ಲಿ ಜಾಡನ್ನು ಬೇಕೆಂದೇ ಸೂಕ್ಷ್ಮವಾಗಿ ಅಲುಗಿಸಿ, ಆ ಅಲುಗಾಟದಲ್ಲಿ ನಾಲ್ಕು ಅಕ್ಷರಗಳನ್ನು ಅಡಗಿಸಿದ್ದರು. ಜಪಾನಿಗೆ ಒಂದು, ಅಮೆರಿಕಕ್ಕೆ ಒಂದು, ಯೂರೋಪಿಗೆ ಒಂದು. ಮನೆಯ ಬರ್ನರ್ ಆ ನಡುಕವನ್ನು ನಕಲು ಮಾಡಲಾರದು. ಕಪ್ಪು ಬರೀ ಅಲಂಕಾರ. ಕಾರ್ಖಾನೆಯಲ್ಲಿ ರಾಶಿ ರಾಶಿ ಅಚ್ಚಾಗುವ ವಸ್ತುವಿಗೂ ಯಾರೋ ಇಷ್ಟು ಅಲಂಕಾರ ಮಾಡಿದ್ದರಲ್ಲ ಎಂಬುದು ನನಗೆ ಇವತ್ತಿಗೂ ಸಂತೋಷದ ವಿಷಯ.

ಇಂಥವು ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ರಾಶಿಗಳಲ್ಲಿ. ನನ್ನ ಸಂಗ್ರಹ ಬೆಳೆದದ್ದೇ ಅಲ್ಲಿಂದ ಮತ್ತು ಕ್ಲಿಯರೆನ್ಸ್ ಸೇಲ್‌ಗಳಿಂದ. ದುಡ್ಡಿದ್ದವರ ದಾರಿ ಬೇರೆ ಇದೆ. 2021ರ ಜುಲೈಯಲ್ಲಿ ಅಮೆರಿಕದ ಹರಾಜಿನಲ್ಲಿ ಸೀಲು ಒಡೆಯದ ಸೂಪರ್ ಮಾರಿಯೋ 64ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂತು, ಅಂಕ ಪಡೆದು, ಎಂದೂ ತೆರೆಯದೆ ಉಳಿಯುವ ಡಬ್ಬಿ ಅದು. ನನಗೆ ಬೇಕಾದದ್ದು ತೆರೆದ ಡಬ್ಬಿ. ಮ್ಯಾನ್ಯುಯಲ್ ಮಡಚಿರಲಿ, ಹಿಂದಿನ ‘ನೋಟ್ಸ್’ ಪುಟದಲ್ಲಿ ಯಾರೋ ಚೀಟ್ ಕೋಡ್ ಬರೆದಿರಲಿ, ಬೆಲೆಯ ಚೀಟಿ ಕಿತ್ತ ಅಂಟು ಉಳಿದಿರಲಿ. ಕಡಿಮೆ ದುಡ್ಡಿಗೆ ಕೊಳ್ಳುವವನಿಗೆ ಕಣ್ಣೇ ಬಂಡವಾಳ. ಅಂಗಡಿಯವನು ಭರವಸೆ ಕೊಡುವುದಿಲ್ಲ, ವಾಪಸಾತಿ ಇಲ್ಲ, ಹಾಕಿ ತೋರಿಸಲು ಯಂತ್ರವೂ ಇಲ್ಲ. ಕೈಯಲ್ಲಿ ಹಿಡಿದ ವಸ್ತುವನ್ನು ಅಲ್ಲೇ ಓದಬೇಕು. ಈ ಓದಿನಲ್ಲಿರುವ ರಸ ಆಟದ ರಸಕ್ಕಿಂತ ಕಡಿಮೆಯದಲ್ಲ.

ಗೀರಿನಿಂದಲೇ ಶುರು ಮಾಡೋಣ. ಗೀರು ಕಂಡ ಕೂಡಲೇ ಡಿಸ್ಕನ್ನು ವಾಪಸ್ ಎಸೆಯುವವರು ಒಳ್ಳೆಯದನ್ನು ಕಳೆದುಕೊಳ್ಳುತ್ತಾರೆ. ಗೀರಿಗೆ ದಿಕ್ಕಿದೆ. ನಡುವಿನಿಂದ ಅಂಚಿಗೆ ನೇರವಾಗಿ ಎಳೆದ ಗೀರು ನೋಡಲು ಭಯಂಕರ, ಆದರೆ ಅದು ಪ್ರತಿ ಸುತ್ತಿನಲ್ಲೂ ಒಂದು ಚೂರನ್ನಷ್ಟೇ ಕೆಡಿಸುತ್ತದೆ. ದೋಷ ತಿದ್ದುವ ಗಣಿತ ಡಿಸ್ಕಿನಲ್ಲೇ ಇರುವುದರಿಂದ ಕಳೆದುಹೋದ ಚೂರನ್ನು ಯಂತ್ರ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಜೊತೆಗೇ ಓಡುವ ಗೀರು ಹಾಗಲ್ಲ. ಕೂದಲೆಳೆಯಷ್ಟೇ ಇದ್ದರೂ ಒಂದೇ ಜಾಗದ ಮಾಹಿತಿಯನ್ನು ಉದ್ದಕ್ಕೂ ಅಳಿಸುತ್ತದೆ. ಅದಕ್ಕೇ ಡಿಸ್ಕ್ ಒರೆಸುವಾಗ ಗುಂಡಗೆ ಉಜ್ಜಬಾರದು, ನಡುವಿನಿಂದ ಹೊರಗೆ ಎಳೆಯಬೇಕು. ಎಕ್ಸ್‌ಬಾಕ್ಸ್ 360ರ ಡಿಸ್ಕುಗಳಲ್ಲಿ ಕಂಪಾಸಿನಿಂದ ಎಳೆದಂಥ ಆಳವಾದ ವೃತ್ತ ಕಂಡರೆ ಅದರ ಕಥೆ ಗೊತ್ತಾಗಿಬಿಡುತ್ತದೆ. ಡಿಸ್ಕ್ ತಿರುಗುತ್ತಿರುವಾಗ ಯಾರೋ ಯಂತ್ರವನ್ನು ಎತ್ತಿ ನಿಲ್ಲಿಸಿದ್ದಾರೆ, ಇಲ್ಲವೇ ಎಡವಿದ್ದಾರೆ. ಅದನ್ನು ಪುಕ್ಕಟೆ ಕೊಟ್ಟರೂ ಬೇಡ.

ಎಲ್ಲರೂ ತಳವನ್ನೇ ನೋಡುತ್ತಾರೆ. ಸೀಡಿಯಾದರೆ ಮೇಲ್ಮೈಯನ್ನು ಮೊದಲು ನೋಡಬೇಕು. ಸೀಡಿಯ ಪ್ಲಾಸ್ಟಿಕ್ 1.2 ಮಿಲಿಮೀಟರ್ ದಪ್ಪ. ಮಾಹಿತಿಯ ಪದರ ಇರುವುದು ಅದರ ಮೇಲ್ತುದಿಯಲ್ಲಿ, ಚಿತ್ರ ಅಚ್ಚು ಮಾಡಿದ ತೆಳು ಲೇಪದ ಕೆಳಗೇ. ತಳದ ಗೀರನ್ನು ತಿಕ್ಕಿ ಹೊಳಪು ಕೊಡಬಹುದು. ಮೇಲಿನ ಚಿತ್ರ ಕೆತ್ತಿಹೋದರೆ ಆಟವೇ ಕಿತ್ತುಹೋಯಿತು. ಬಲ್ಬಿಗೆ ಅಡ್ಡ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಪದರ ಉದುರಿದೆ ಎಂದೇ ಅರ್ಥ. ಡೀವಿಡಿಯಲ್ಲಿ ಆ ಪದರ ಎರಡು ಹಾಳೆಗಳ ನಡುವೆ ಕ್ಷೇಮವಾಗಿದೆ. ಬ್ಲೂ-ರೇಯಲ್ಲಿ ಅದು ತಳದಿಂದ ಬರೀ 0.1 ಮಿಲಿಮೀಟರ್ ಒಳಗೆ. ಆದ್ದರಿಂದಲೇ ಅದಕ್ಕೆ ಗಟ್ಟಿ ಲೇಪ ಬಳಿಯುತ್ತಾರೆ, ಪಿಎಸ್3ರ ಹಳೆಯ ಡಿಸ್ಕುಗಳು ಇಷ್ಟು ಚೆನ್ನಾಗಿ ಉಳಿದಿರುವುದೂ ಆ ಲೇಪದಿಂದಲೇ. ಕೊನೆಗೆ ನಡುವಿನ ತೂತು. ಬಿಗಿ ಡಬ್ಬಿಯಿಂದ ಬಗ್ಗಿಸಿ ಬಗ್ಗಿಸಿ ತೆಗೆದ ಡಿಸ್ಕಿಗೆ ಅಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ವೇಗವಾಗಿ ತಿರುಗುವಾಗ ಅದು ಬೆಳೆದು ಡಿಸ್ಕನ್ನೇ ಸೀಳಬಹುದು. ತೂತಿನ ಸುತ್ತ ಉಗುರು ಆಡಿಸಿದರೆ ಬಿರುಕು ತಾನಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಈ ಉಗುರಿನ ವಿದ್ಯೆಗೆ ಒಳ್ಳೆಯ ಶಾಲೆ ಚಿಕ್ಕಪೇಟೆ ಸುತ್ತಮುತ್ತ ನೆಲದ ಮೇಲೆ ಹರಡುವ ಭಾನುವಾರದ ಸಂತೆ. ಬೆಳಗ್ಗೆ ಬೇಗ ಹೋಗಬೇಕು. ಹಳೇ ರಿಮೋಟು, ಮಿಕ್ಸಿ ಜಾರು, ನಿಂತ ಗಡಿಯಾರ, ಗಂಟುಬಿದ್ದ ಚಾರ್ಜರುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಸಿನಿಮಾ ಸೀಡಿ, ಮದುವೆ ವಿಡಿಯೋ, ಭಕ್ತಿಗೀತೆ, ಡ್ರೈವರ್ ಡಿಸ್ಕು, ಎಲ್ಲದರ ಕೆಳಗೆ ಆಟಗಳು. ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ತಿರುವಿ ಹಾಕುತ್ತ ಹೋದರೆ, ಗುಲಾಬಿ-ನೇರಳೆ ಹೊಳೆಯುವ ಬರ್ನ್ ಮಾಡಿದ ಡಿಸ್ಕುಗಳ ಮಧ್ಯೆ ಥಟ್ಟನೆ ಒಂದು ಶುದ್ಧ ಬೆಳ್ಳಿ ಮಿಂಚುತ್ತದೆ. ಎತ್ತಿ ನೋಡುತ್ತೇನೆ. ತೂತಿನ ಪಕ್ಕದ ಕನ್ನಡಿಯಂಥ ಉಂಗುರದಲ್ಲಿ ಅಚ್ಚಾದ ಸಂಖ್ಯೆ, ಅದರ ಹತ್ತಿರ ಅಕ್ಕಿಯ ನುಚ್ಚಿಗಿಂತ ಚಿಕ್ಕದಾಗಿ ಐಎಫ್‌ಪಿಐ ಎಂಬ ಅಕ್ಷರಗಳು, ಮುಂದೊಂದು ಕೋಡ್. ಯಾವ ಕಾರ್ಖಾನೆಯಲ್ಲಿ ಅಚ್ಚಾಯಿತೆಂಬ ಗುರುತು ಅದು.

‘ಎಷ್ಟಣ್ಣ ಇದು?’

‘ಇನ್ನೂರು ಕೊಡಿ ಸಾರ್. ಒರಿಜಿನಲ್.’

‘ಡಬ್ಬಿ ಇಲ್ವಲ್ಲ.’

‘ಡಬ್ಬಿ ಇದ್ರೆ ಇಲ್ಯಾಕ್ ಬರ್ತಿತ್ತು ಸಾರ್? ನೂರಿಪ್ಪತ್ತು ಕೊಟ್ಟು ಮಡಿಕ್ಕೊಳಿ.’

ಚೌಕಾಸಿ ಅಲ್ಲಿಗೆ ಮುಗಿಯಬೇಕು. ಅವನು ಬೆಳಗಿನ ಜಾವಕ್ಕೇ ಬಂದು ಹಾಸಿದ್ದಾನೆ, ಯಾವುದೋ ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗಬೇಕಿದ್ದದ್ದನ್ನು ಉಳಿಸಿ ತಂದಿದ್ದಾನೆ. ಅವನ ಆ ಕೆಲಸಕ್ಕೆ ನೂರಿಪ್ಪತ್ತು ಹೆಚ್ಚಲ್ಲ.

ನಮ್ಮಲ್ಲಿ ಒರಿಜಿನಲ್ ಡಿಸ್ಕಿಗೆ ಯಾಕಿಷ್ಟು ಬೆಲೆ ಕೊಡುತ್ತೇನೆ ಎಂಬುದಕ್ಕೆ ಚರಿತ್ರೆಯಿದೆ. ಪಿಎಸ್2ರ ಕಾಲದಲ್ಲಿ ಭಾರತದ ಬಹಳಷ್ಟು ಯಂತ್ರಗಳು ನಕಲು ಡಿಸ್ಕು ಓಡಿಸುವ ‘ಚಿಪ್’ ಹಾಕಿಸಿಕೊಂಡವು. ಗಾಂಧಿನಗರದ ನ್ಯಾಷನಲ್ ಮಾರ್ಕೆಟಿನಂಥ ಕಡೆ ನಕಲು ಡಿಸ್ಕು ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತಿತ್ತು, ಒರಿಜಿನಲ್ಲಿನ ಬೆಲೆಗೆ ಅಂಥವು ರಾಶಿ ಬರುತ್ತಿದ್ದವು. ಮಧ್ಯಮ ವರ್ಗದ ಮನೆಯ ಹುಡುಗರಿಗೆ ಬೇರೆ ದಾರಿಯೂ ಇರಲಿಲ್ಲ. ಹಾಗಿದ್ದೂ ಯಾವುದೋ ಅಪ್ಪ ಒರಿಜಿನಲ್ಲೇ ಕೊಡಿಸಿದ್ದಾನೆ ಅಂದರೆ ಅದು ಹುಟ್ಟುಹಬ್ಬದ್ದೋ, ಪರೀಕ್ಷೆ ಪಾಸಾದದ್ದೋ ಉಡುಗೊರೆ ಇರಬೇಕು. ಅಮೆರಿಕದಿಂದ ಬಂದ ಮಾವನೋ ಅತ್ತೆಯೋ ತಂದುಕೊಟ್ಟ ಡಿಸ್ಕುಗಳದ್ದು ಇನ್ನೊಂದು ಪಾಡು. ಅವು ಅಲ್ಲಿನ ಪ್ರದೇಶದ ಡಿಸ್ಕುಗಳಾದ್ದರಿಂದ ಇಲ್ಲಿ ಕೊಂಡ, ಚಿಪ್ ಹಾಕಿಸದ ಯಂತ್ರದಲ್ಲಿ ಓಡುವುದಿಲ್ಲ. ಆಡಲಾಗದೆ ಪಕ್ಕಕ್ಕಿಟ್ಟದ್ದರಿಂದ ಒಂದು ಗೀರೂ ಇಲ್ಲದೆ ಉಳಿದು, ಓಡುವುದಿಲ್ಲವೆಂದೇ ಅಗ್ಗವಾಗಿ ಬರುತ್ತವೆ. ನನ್ನ ಕಪಾಟಿನ ಅತಿ ಶುಭ್ರ ಡಿಸ್ಕುಗಳು ಅವೇ. ಪಿಎಸ್3ರಿಂದಾಚೆ ಈ ಗಡಿ ಹೆಚ್ಚುಕಡಿಮೆ ಅಳಿಸಿಹೋಯಿತು; ಗೇಮ್ ಬಾಯ್ ಕ್ಯಾಸೆಟ್ಟುಗಳಿಗಂತೂ ಅದು ಮೊದಲಿಂದಲೂ ಇರಲಿಲ್ಲ.

ಮಾರುಕಟ್ಟೆ ಅತಿ ಅಗ್ಗಕ್ಕೆ ಬಿಟ್ಟುಕೊಡುವುದು ಕ್ರೀಡೆಯ ಆಟಗಳನ್ನು. ಪ್ರತಿ ವರ್ಷ ಹೊಸದು ಬರುವುದರಿಂದ ಹಳೆಯದಕ್ಕೆ ಯಾರೂ ಕೈಹಾಕುವುದಿಲ್ಲ. ಆದರೆ ಕ್ರಿಕೆಟ್ ಆಟಗಳ ಸಾಲು ನನಗೆ ಬಹಳ ಪ್ರಿಯ. ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ 2006ರ ಕೊನೆಯಲ್ಲಿ ಬಂತು, ಆ ಸರಣಿಯ ಕೊನೆಯ ಆಟವೂ ಅದೇ ಆಯಿತು. ಅದರಲ್ಲಿ ರಿಚೀ ಬೆನೋ ಅವರ ವೀಕ್ಷಕ ವಿವರಣೆಯಿದೆ. ಚುಟುಕು ಮಾತು, ನಡುವೆ ಬೇಕಾದಷ್ಟು ಮೌನ. 2015ರಲ್ಲಿ ಅವರು ತೀರಿಕೊಂಡ ಮೇಲೆ ಆ ದನಿ ಕೇಳಲೆಂದೇ ಎಷ್ಟೋ ಸಲ ಡಿಸ್ಕ್ ಹಾಕಿದ್ದೇನೆ. ಪೂರ್ತಿ ಪರವಾನಗಿ ಇದ್ದದ್ದು ಇಂಗ್ಲೆಂಡ್, ಆಸ್ಟ್ರೇಲಿಯಾ ತಂಡಗಳಿಗೆ ಮಾತ್ರ. ನಮ್ಮ ದ್ರಾವಿಡ್, ಕುಂಬ್ಳೆಯವರ ಜಾಗದಲ್ಲಿ ತಿರುಚಿದ ಹೆಸರುಗಳು. ಪಿಸಿಯಲ್ಲಿ ಆಡಿದವರು ಸುಮ್ಮನಿರಲಿಲ್ಲ. ಹೆಸರು, ಅಂಗಿ, ಮೈದಾನ ಎಲ್ಲವನ್ನೂ ತಿದ್ದುವ ಪ್ಯಾಚುಗಳನ್ನು ಅಭಿಮಾನಿಗಳೇ ತಯಾರಿಸಿ ಹಂಚಿದರು, ವರ್ಷಗಟ್ಟಲೆ ಹಂಚುತ್ತಲೇ ಇದ್ದರು. ಕಂಪನಿ ಕೈಬಿಟ್ಟ ಆಟವನ್ನು ನಮ್ಮ ಉಪಖಂಡದ ಹುಡುಗರು ಬದುಕಿಸಿಕೊಂಡ ಬಗೆ ಇದು.

ಅದರ ಎದುರಾಳಿಯದು ಸಂಗ್ರಾಹಕರಿಗೆ ಇನ್ನೂ ರುಚಿಯಾದ ವಿಷಯ. ಕೋಡ್‌ಮಾಸ್ಟರ್ಸ್ ಕಂಪನಿಯ 2007ರ ಒಂದೇ ಆಟ ಮೂರು ಹೆಸರಿನಲ್ಲಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಬ್ರಯಾನ್ ಲಾರಾ, ಆಸ್ಟ್ರೇಲಿಯಾದಲ್ಲಿ ರಿಕಿ ಪಾಂಟಿಂಗ್, ಭಾರತದಲ್ಲಿ ಯುವರಾಜ್ ಸಿಂಗ್. ಒಳಗಿರುವುದು ಅದೇ ಆಟ, ಹೊರಗೆ ಆಯಾ ದೇಶದ ನೆಚ್ಚಿನವನ ಮುಖ. ಯುವರಾಜನ ಪ್ರತಿಯನ್ನು ಕೈಯಲ್ಲಿ ಹಿಡಿದಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಡರ್ಬನ್ನಿನಲ್ಲಿ ಒಂದೇ ಓವರಿನಲ್ಲಿ ಬಾರಿಸಿದ ಆರು ಸಿಕ್ಸರು ಕಣ್ಣಮುಂದೆ ಬರುತ್ತವೆ. ಈ ಡಬ್ಬಿಗೆ ಹಳೇ ಅಂಗಡಿಯವರು ಯಾವ ಬೆಲೆಯನ್ನೂ ಕಟ್ಟುವುದಿಲ್ಲ. ಎರಡು ಆಟ ಕೊಂಡರೆ ಇದನ್ನು ಮೇಲೆ ಹಾಕಿ ಕೊಡುತ್ತಾರೆ.

ಹಾಗೆಯೇ ಯಾರೂ ಕೇಳದೆ ಬಿದ್ದಿರುವ ಇನ್ನೊಂದು ಗುಂಪು, ಪಿಎಸ್2ಕ್ಕೆ ನಮ್ಮ ದೇಶದಲ್ಲೇ ತಯಾರಾದ ಆಟಗಳು. 2009ರ ‘ಹನುಮಾನ್: ಬಾಯ್ ವಾರಿಯರ್’ ಹೈದರಾಬಾದಿನ ಸ್ಟುಡಿಯೋದ್ದು. ಅದೇ ವರ್ಷದ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು. ಆಮೇಲೆ ‘ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್’, ‘ಚಂದ್ರಗುಪ್ತ’, ‘ರಾ ಒನ್’. ಆಟವಾಗಿ ಇವು ಸಾಧಾರಣ, ಹನುಮಂತನ ಆಟವಂತೂ ಕೈಗೆ ಒಗ್ಗುವುದೇ ಇಲ್ಲ. ಆದರೂ ಎಲ್ಲಿ ಕಂಡರೂ ಬಿಡುವುದಿಲ್ಲ. ಪ್ರಪಂಚ ಆಗಲೇ ಪಿಎಸ್3ಕ್ಕೆ ದಾಟಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಅಗ್ಗವಾದ ಹಳೆಯ ಯಂತ್ರ ಇನ್ನೂ ಓಡುತ್ತಿತ್ತು, ಆ ಮನೆಗಳಿಗೆಂದೇ ಕೆಲವರು ಕೂತು ಚಿನ್ನಿದಾಂಡನ್ನು ಕಂಟ್ರೋಲರಿನ ಗುಂಡಿಗಳಿಗೆ ಇಳಿಸಿದರು. ಚಿನ್ನಿಯನ್ನು ಬೆರಳ ತುದಿಯಲ್ಲಿ ಆಡುವಾಗ ನನಗಾಗುವ ಖುಷಿಯನ್ನು ಯಾವ ದೊಡ್ಡ ಬಜೆಟ್ಟಿನ ಆಟವೂ ಕೊಟ್ಟಿಲ್ಲ.

ಕ್ಲಿಯರೆನ್ಸ್ ಸೇಲಿನ ರಸ ಬೇರೆ ಥರದ್ದು. ಲ್ಯಾಂಡ್‌ಮಾರ್ಕ್, ಪ್ಲಾನೆಟ್ ಎಂ ಥರದ ಮಳಿಗೆಗಳು ಇದ್ದ ಕಾಲದಲ್ಲಿ ಮಾರಾಟವಾಗದ ಆಟಗಳನ್ನು ತಂತಿಯ ಬುಟ್ಟಿಗೆ ಸುರಿಯುತ್ತಿದ್ದರು. ಬೆಲೆಯ ಚೀಟಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಚೀಟಿ. ಮೇಲಿನದರ ಮೂಲೆ ಎಬ್ಬಿಸಿದರೆ ಆಟ ಹೇಗೆ ಇಳಿದು ಬಂತೆಂಬುದು ಕಾಣುತ್ತದೆ. ಬುಟ್ಟಿಗೆ ಬಿದ್ದದ್ದೆಲ್ಲ ಕಳಪೆಯಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ‘ಓಕಾಮಿ’ಯನ್ನು ನೋಡಬೇಕು. 2006ರಲ್ಲಿ ಜಪಾನಿನ ಕ್ಲೋವರ್ ಸ್ಟುಡಿಯೋ ಪಿಎಸ್2ಕ್ಕೆ ಮಾಡಿದ ಆಟ, ನಿರ್ದೇಶಕ ಹಿಡೆಕಿ ಕಾಮಿಯಾ. ಸೂರ್ಯದೇವತೆ ಅಮಟೆರಾಸು ಬಿಳಿ ತೋಳವಾಗಿ ಓಡುತ್ತಾಳೆ. ಇಡೀ ಪರದೆ ಮಸಿಯಲ್ಲಿ ಬರೆದ ಚಿತ್ರ. ಕಾಗದದ ತರಿ ಕೂಡ ಕಾಣುತ್ತದೆ. ಒಂದು ಗುಂಡಿ ಒತ್ತಿದರೆ ಆಟ ನಿಂತು ಬಣ್ಣ ಇಳಿದು ಕಾಗದವಾಗುತ್ತದೆ, ಕುಂಚ ನಿಮ್ಮ ಕೈಗೆ ಬರುತ್ತದೆ. ಆಕಾಶದಲ್ಲಿ ಒಂದು ವೃತ್ತ ಬರೆಯಿರಿ, ಸೂರ್ಯ ಮೂಡುತ್ತಾನೆ. ಒಣಗಿದ ಮರದ ಸುತ್ತ ಬರೆಯಿರಿ, ಹೂ ಬಿಡುತ್ತದೆ. ವಿಮರ್ಶಕರು ಕೊಂಡಾಡಿದರು, ಜನ ಕೊಳ್ಳಲಿಲ್ಲ. ಮರುವರ್ಷ ಸ್ಟುಡಿಯೋ ಮುಚ್ಚಿತು.

ಬಿಡುಗಡೆಯಾದ ಎರಡು ವರ್ಷದ ಮೇಲೆ ಓಕಾಮಿ ನಿಂಟೆಂಡೋ ವೀಗೆ ಬಂದಾಗ ಅಮೆರಿಕದ ಮುಖಪುಟದಲ್ಲಿ ಒಂದು ಎಡವಟ್ಟಾಯಿತು. ತೋಳದ ಬಾಯಿಯ ಹತ್ತಿರ ಐಜಿಎನ್ ಎಂಬ ಗೇಮ್ ಜಾಲತಾಣದ ಮಸುಕು ಮುದ್ರೆ ಹಾಗೇ ಅಚ್ಚಾಗಿಬಿಟ್ಟಿತ್ತು. ಚಿತ್ರವನ್ನು ಅವರ ತಾಣದಿಂದಲೇ ಇಳಿಸಿಕೊಂಡಿದ್ದರು. ಪ್ರಕಾಶಕ ಕಂಪನಿ ಕ್ಷಮೆ ಕೇಳಿ ಬೇರೆ ಹೊದಿಕೆ ಕಳಿಸಿಕೊಡುವ ಏರ್ಪಾಡು ಮಾಡಿತು. ಹೀಗಾಗಿ ಅಗ್ಗದ ರಾಶಿಯಲ್ಲಿ ಓಕಾಮಿ ಕಂಡರೆ ನಾನು ತೋಳದ ಮೂತಿಯ ಹತ್ತಿರ ಕಣ್ಣಿಟ್ಟು ನೋಡುತ್ತೇನೆ. ಮುದ್ರೆ ಇದ್ದರೆ ಮಾರುವವರಿಗೆ ಅದು ಕೊರತೆ, ನನಗೆ ಕಾಣಿಕೆ.

ಮಾರಾಟವಾಗದ್ದೇ ಮುಂದೆ ದುಬಾರಿಯಾಗುವುದಕ್ಕೆ ದೊಡ್ಡ ಉದಾಹರಣೆ ‘ಅರ್ತ್‌ಬೌಂಡ್’. 1995ರಲ್ಲಿ ಅಮೆರಿಕದಲ್ಲಿ ದಪ್ಪ ಡಬ್ಬಿಯಲ್ಲಿ, ಮಾರ್ಗದರ್ಶಿ ಪುಸ್ತಕದ ಸಮೇತ ಬಂತು. ಈ ಆಟ ನಾರುತ್ತದೆ ಎಂದು ಜಾಹೀರಾತು ಕೊಟ್ಟು, ಉಜ್ಜಿದರೆ ವಾಸನೆ ಬರುವ ಕಾಗದವನ್ನೂ ಹಂಚಿದರು. ಮಾರಾಟ ಮಕಾಡೆ ಬಿತ್ತು, ಅಂಗಡಿಗಳು ಬೆಲೆ ಇಳಿಸಿ ಕೈತೊಳೆದುಕೊಂಡವು. ಈಗ ಡಬ್ಬಿ ಸಮೇತ ಸಿಕ್ಕುವ ಪ್ರತಿ ನನ್ನಂಥವನ ಕೈಗೆಟುಕುವ ಮಾತಲ್ಲ. ಆದರೆ ಅದೇ ಆಟ ಜಪಾನಿನಲ್ಲಿ ‘ಮದರ್ 2’ ಹೆಸರಿನಲ್ಲಿ ಚೆನ್ನಾಗಿ ಮಾರಾಟವಾಗಿತ್ತು, ಅದರ ಬಿಡಿ ಕ್ಯಾಸೆಟ್ಟು ಅಲ್ಲಿ ಇವತ್ತಿಗೂ ಅಗ್ಗ. ಅಪರೂಪ ಅನ್ನುವುದು ಊರಿನಿಂದ ಊರಿಗೆ ಬದಲಾಗುವ ಸಂಗತಿ, ಆಟದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಗ್ಗದ ಆಟಗಳ ತವರು ಅಂದರೆ ಜಪಾನೇ. ಅಲ್ಲಿನ ಬುಕ್ ಆಫ್, ಹಾರ್ಡ್ ಆಫ್ ಮಳಿಗೆಗಳು ಹಳೆಯದನ್ನು ಕೊಂಡು ಒರೆಸಿ, ಚೀಟಿ ಹಚ್ಚಿ ಮಾರುತ್ತವೆ. ಓಡುತ್ತದೋ ಇಲ್ಲವೋ ಹೇಳಲಾಗದ್ದನ್ನು ‘ಜಂಕ್’ ಎಂದು ಬೇರೆ ಬುಟ್ಟಿಗಳಲ್ಲಿ ಇಡುತ್ತಾರೆ, ಹಲವಕ್ಕೆ ತೆರಿಗೆ ಸೇರಿ 110 ಯೆನ್. ಈ ವ್ಯಾಪಾರ ಸುಮ್ಮನೆ ಉಳಿದುಬಂದದ್ದಲ್ಲ. ಆಟ ತಯಾರಿಸುವ ಕಂಪನಿಗಳು ಮರುಮಾರಾಟ ಕೂಡದೆಂದು ಕೋರ್ಟಿಗೆ ಹೋಗಿದ್ದವು, ಡಬ್ಬಿಯ ಮೇಲೂ ಹಾಗೆಂದು ಅಚ್ಚು ಹಾಕಿಸಿದ್ದವು. 2002ರ ಏಪ್ರಿಲ್ 25ರಂದು ಜಪಾನಿನ ಸುಪ್ರೀಂ ಕೋರ್ಟ್ ಹಳೇ ಆಟ ಮಾರುವವರ ಪರ ತೀರ್ಪು ಕೊಟ್ಟಿತು. ಒಮ್ಮೆ ನ್ಯಾಯವಾಗಿ ಮಾರಿದ ಮೇಲೆ ಅದನ್ನು ಕೊಂಡವನು ಇನ್ನೊಬ್ಬನಿಗೆ ಮಾರುವುದನ್ನು ತಡೆಯಲಾಗದು. ಆ ತೀರ್ಪನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಮೂಡುತ್ತದೆ.

ಆ ಬುಟ್ಟಿಗಳಲ್ಲಿ ಸಿಗುವ, ನಿಂಟೆಂಡೋದ ಹಳೆಯ ಯಂತ್ರ ಫ್ಯಾಮಿಕಾಮಿನ ಕ್ಯಾಸೆಟ್ಟುಗಳು ಕೆಂಪು, ಹಳದಿ, ನೀಲಿ, ಹಸಿರು, ಹೀಗೆ ಬಗೆಬಗೆಯ ಬಣ್ಣದವು. ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಮಗುವಿನ ಅಕ್ಷರದಲ್ಲಿ ಬರೆದ ಹೆಸರು. ಗೆಳೆಯರಿಗೆ ಎರವಲು ಕೊಟ್ಟಾಗ ಕಳೆದುಹೋಗದಿರಲೆಂದು ಬರೆದದ್ದು. ಹೆಸರಿದ್ದರೆ ಬೆಲೆ ಇಳಿಯುತ್ತದೆ. ಹೆಸರಿರುವ ಕ್ಯಾಸೆಟ್ಟುಗಳನ್ನೇ ಹುಡುಕಿ ಕೊಂಡು, ಈಗ ನಡುವಯಸ್ಸು ದಾಟಿರುವ ಒಡೆಯರಿಗೆ ಹಿಂದಿರುಗಿಸಲು ನೋಡುವ ಸಂಗ್ರಾಹಕರೊಬ್ಬರು ಜಪಾನಿನಲ್ಲಿದ್ದಾರೆ. ಅವರಿಗಿಂತ ದೊಡ್ಡ ಸಂಗ್ರಾಹಕ ನನ್ನ ಪಾಲಿಗೆ ಬೇರೆ ಇಲ್ಲ. ಕನ್ನಡಿಗರಿಗೂ ಈ ಕ್ಯಾಸೆಟ್ಟುಗಳಿಗೂ ಹಳೇ ನಂಟಿದೆ. 90ರ ದಶಕದಲ್ಲಿ ನಮ್ಮ ಮನೆಗಳಿಗೆ ‘ಟೀವಿ ಗೇಮ್’ ಎಂದು ಬಂದ ಸಮುರಾಯ್ ಥರದ ಯಂತ್ರಗಳೆಲ್ಲ ಫ್ಯಾಮಿಕಾಮಿನ ನಕಲುಗಳು, ಅದರ 60 ಪಿನ್ನಿನ ಕಿಂಡಿಯೇ ಇವಕ್ಕೂ. ಆ ಕಿಂಡಿಗೆ ಉಫ್ ಎಂದು ಊದಿ ಬೆಳೆದವರು ನಾವು. ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ. ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿದರೆ ಕಪ್ಪು ಕೊಳೆ ಎದ್ದು ಬಂದು ಒಳಗಿನ ಚಿನ್ನದ ಬಣ್ಣ ತೋರುತ್ತದೆ.

ಪಿಸಿ ಆಟಗಳ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಸ್ಟೀಮ್ ಬಂದ ಮೇಲೆ ಡಬ್ಬಿಯೊಳಗಿನ ಕೋಡು ಒಮ್ಮೆ ಒಬ್ಬರ ಖಾತೆಗೆ ಹೋದರೆ ಮುಗಿಯಿತು, ಡಿಸ್ಕು ಉಳಿದರೂ ಆಟ ಉಳಿಯುವುದಿಲ್ಲ. 2004ರ ‘ಹಾಫ್-ಲೈಫ್ 2’ರ ಹಳೆಯ ಡಬ್ಬಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದು ಚಿತ್ರಕ್ಕೇ ಹೊರತು ಆಡಲಿಕ್ಕಲ್ಲ. ಕನ್ಸೋಲಿಗೂ ಇದೇ ಬರುವುದಿತ್ತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಹಳೇ ಡಿಸ್ಕುಗಳ ಮೇಲೆ ಕಟ್ಟುಪಾಡು ಹಾಕಲು ಹೊರಟ ಮೈಕ್ರೋಸಾಫ್ಟ್, ಜನ ತಿರುಗಿಬಿದ್ದದ್ದರಿಂದ ಜೂನ್ 19ರಂದು ಹಿಂದೆ ಸರಿಯಿತು. ಪ್ರತಿಸ್ಪರ್ಧಿ ಸೋನಿ ಅದಕ್ಕೂ ಮುಂಚೆಯೇ ಒಂದು ಪುಟ್ಟ ವಿಡಿಯೋ ಬಿಟ್ಟಿತ್ತು: ಪಿಎಸ್4ರ ಆಟವನ್ನು ಹಂಚಿಕೊಳ್ಳುವ ವಿಧಾನ. ಒಬ್ಬರು ಡಬ್ಬಿ ಕೊಟ್ಟರು, ಇನ್ನೊಬ್ಬರು ತೆಗೆದುಕೊಂಡರು, ಮುಗಿಯಿತು. ಚಿಕ್ಕಪೇಟೆಯ ರಟ್ಟಿನ ಪೆಟ್ಟಿಗೆ ನಿಂತಿರುವುದು ಈ ಕೊಡುಕೊಳುವಿಕೆಯ ಮೇಲೆಯೇ.

ಯಂತ್ರದ ಜೊತೆ ಮೇಲಾಗಿ ಬರುವ ಮೆಮೊರಿ ಕಾರ್ಡನ್ನು ನಾನು ಎಂದೂ ಅಳಿಸುವುದಿಲ್ಲ. ಪಿಎಸ್2ರದ್ದು 8 ಎಂಬಿ, ಕಪ್ಪು, ಬೆಂಕಿಪೆಟ್ಟಿಗೆಯಷ್ಟು. ಅದನ್ನು ತೆರೆದರೆ ಉಳಿಸಿಟ್ಟ ಪ್ರತಿ ಆಟಕ್ಕೂ ಒಂದೊಂದು ಪುಟ್ಟ ಮೂರು ಆಯಾಮದ ಗೊಂಬೆ, ತನ್ನಷ್ಟಕ್ಕೆ ಅಲುಗುತ್ತಲೋ ತಿರುಗುತ್ತಲೋ ಇರುತ್ತದೆ. ಒಂದು ಕಾರ್ಡಿನಲ್ಲಿ ಅರ್ಧಕ್ಕೆ ನಿಂತ ವಿಶ್ವಕಪ್ಪು ಇತ್ತು, ತಾರೀಖು 2008ರ ಮೇ ತಿಂಗಳದ್ದು. ಬೇಸಿಗೆ ರಜೆ, ಹೊರಗೆ ಮೊದಲ ಐಪಿಎಲ್ ನಡೆಯುತ್ತಿದ್ದ ದಿನಗಳು. ಅದನ್ನು ಆಡುತ್ತಿದ್ದ ಹುಡುಗನ ತಂಡ ಸೆಮಿಫೈನಲಿಗೆ ಬಂದಿದೆ. ಅವನ ಪಂದ್ಯವನ್ನು ನಾನು ಮುಂದುವರಿಸಲಿಲ್ಲ, ನನ್ನ ಆಟಗಳಿಗೆ ಬೇರೆ ಕಾರ್ಡು ಇಟ್ಟುಕೊಂಡಿದ್ದೇನೆ.

ಸದ್ಯಕ್ಕೆ ಬೇಕಿರುವುದು ಪಾಂಟಿಂಗ್ ಹೆಸರಿನ ಪ್ರತಿ. ಲಾರಾ ಇದ್ದಾನೆ, ಯುವರಾಜ ಇದ್ದಾನೆ. ಮೆಲ್ಬರ್ನಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಹೇಳಿಟ್ಟಿದ್ದೇನೆ. ಅಲ್ಲಿ ದಾನಕ್ಕೆ ಬಂದ ಸಾಮಾನು ಮಾರುವ ಅಂಗಡಿಗಳಿವೆ, ಶನಿವಾರ ಅವನು ಮಕ್ಕಳಿಗೆ ಪುಸ್ತಕ ಹುಡುಕಲು ಹೋಗುತ್ತಾನೆ. ‘ಡಬ್ಬಿ ಒಡೆದಿದ್ರೂ ಪರವಾಗಿಲ್ಲ ಕಣೋ, ಪಿಎಸ್2ರದ್ದೇ ಆಗಿರಲಿ, ಮ್ಯಾನ್ಯುಯಲ್ ಇದೆಯಾ ನೋಡು, ನಡುವಿನ ತೂತಿನ ಸುತ್ತ ಉಗುರು ಆಡಿಸು’ ಎಂದಿದ್ದೇನೆ. ‘ಐದು ಡಾಲರ್ ಕೇಳಿದ್ರೆ?’ ಅಂದ. ಕೊಡು ಅಂದೆ.